ಕ್ಯಾಪ್ಸೂಲಿನ ಸಿಪ್ಪೆ

ಮೂಡುಬಿದಿರೆ
೯ ಸೆಪ್ಟೆಂಬರ್ ೨೦೨೪
ರಿಜಿಸ್ಟರ್ಡ್ ಅಂಚೆ, ಎ.ಡಿ. ಸಹಿತ

ಶ್ರೀ ಬದ್ರುದ್ದೀನ್ ಅವರಿಗೆ, ಮೆಲ್ಕಾರ್.

ಕ್ಷೇಮ ಕೇಳುವ ಪತ್ರ ಇದಲ್ಲ. ನಿಮ್ಮ ನಂಬರನ್ನು ನನ್ನ ಫೋನಿನಲ್ಲಿ ಬ್ಲಾಕ್ ಮಾಡಿದ್ದೇನೆ. ಬಾಯಲ್ಲಿ ಆಡಿದ್ದನ್ನು ನಾಳೆ ನೀವು ಆಡಲಿಲ್ಲ ಎನ್ನಬಹುದು. ಅದಕ್ಕೆ ಎಲ್ಲ ಬರಹದಲ್ಲೇ ಇರಲಿ. ಉತ್ತರವೂ ಬರಹದಲ್ಲೇ ಬರಲಿ.

ಆಗಸ್ಟ್ ೩೧ರ ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಕುಸಿದುಬಿದ್ದರು. ಒಂದು ವಾರದಿಂದ ಒಸಡಿನಲ್ಲಿ ರಕ್ತ ಬರುತ್ತಿತ್ತಂತೆ. ಬ್ರಶ್ ತಾಗಿರಬೇಕು ಎಂದುಕೊಂಡು ಯಾರಲ್ಲೂ ಹೇಳಿರಲಿಲ್ಲ. ಹೊಟ್ಟೆಯೊಳಗೂ ರಕ್ತ ಹೋಗುತ್ತಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಐಸಿಯುನಲ್ಲಿಟ್ಟರು. ಮೂರು ಬಾಟ್ಲಿ ರಕ್ತ ಕೊಟ್ಟರು. ಎಪ್ಪತ್ತೊಂಬತ್ತು ವಯಸ್ಸಿನ ಹೆಂಗಸು ಬದುಕಿದ್ದೇ ದೊಡ್ಡದು.

ಡಾಕ್ಟರರು ನನ್ನನ್ನು ಕರೆದು ಕೇಳಿದ್ದು, ಹೃದಯಕ್ಕೆ ಕೊಡುವ ಆ ರಕ್ತ ತೆಳು ಮಾಡುವ ಕ್ಯಾಪ್ಸೂಲನ್ನು ಇವರು ಹೇಗೆ ತೆಗೆದುಕೊಳ್ತಾರೆ ಎಂದು. ಹೇಗೆ ಎಂದರೆ ಎಂತ, ನೀರು ಕುಡಿದು ನುಂಗುತ್ತಾರೆ ಎಂದೆ. ಮನೆಗೆ ಬಂದು ಅಮ್ಮನ ಸೀರೆಗಳನ್ನು ಹುಡುಕುವಾಗ ಹಿತ್ತಲ ಬಾಗಿಲಿನ ಪಕ್ಕದ ಕಿಟಕಿಯಲ್ಲಿ ಒಂದು ಹಳೆ ಉಪ್ಪಿನಕಾಯಿ ಬಾಟ್ಲಿ ಸಿಕ್ಕಿತು. ಅದರಲ್ಲಿ ಕ್ಯಾಪ್ಸೂಲಿನ ಖಾಲಿ ಸಿಪ್ಪೆಗಳು. ಒಂದೊಂದನ್ನೇ ಬಿಡಿಸಿ, ಒಳಗಿನ ಮದ್ದನ್ನು ಬಿಸಿನೀರಿಗೆ ಸುರಿದು ಕುಡಿದಿದ್ದಾರೆ. ಆ ಕ್ಯಾಪ್ಸೂಲನ್ನು ಬಿಡಿಸಿದರೆ ಮದ್ದು ಮೈಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಹತ್ತುತ್ತದೆ ಎಂಬುದು ಔಷಧ ಮಾರುವ ನಿಮಗೆ ಗೊತ್ತಿರಬೇಕು.

ವಾರ್ಡಿನಲ್ಲಿ ಕೇಳಿದೆ, ಯಾಕಮ್ಮ ಹೀಗೆ ಮಾಡಿದಿರಿ ಎಂದು. "ಸಿಪ್ಪೆ ಎಲುಬಿನದ್ದಂತೆ. ಬದ್ರು ಹೇಳಿದ" ಎಂದರು.

ಮೆಲ್ಕಾರಿನ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಹೇಳುತ್ತಿದ್ದ ಹನ್ನೊಂದು ವರ್ಷ ನಿಮ್ಮ ಅಂಗಡಿಯ ಹಿಂದಿನ ಮನೆಯಲ್ಲಿದ್ದೆವು. ನಿವೃತ್ತನಾಗಿ ಮೂಡುಬಿದಿರೆಗೆ ಬಂದ ಮೇಲೂ ಅಮ್ಮನ ಮದ್ದು ನಿಮ್ಮಲ್ಲಿಂದಲೇ ಬಸ್ಸಿನಲ್ಲಿ ಬರುತ್ತಿತ್ತು. ಇಲ್ಲಿ ಮೆಡಿಕಲ್ ಅಂಗಡಿ ಇಲ್ಲವೆಂದಲ್ಲ, ಅಮ್ಮನಿಗೆ ನಿಮ್ಮ ಮೇಲೆ ನಂಬಿಕೆ. ಆ ನಂಬಿಕೆಗೆ ನೀವು ಮಾಡಿದ್ದು ಇದು. ಜೈನ ಮುದುಕಿಯೊಬ್ಬರಿಗೆ, ಹೃದಯದ ಕಾಯಿಲೆಯವರಿಗೆ, ನೀವು ತಿನ್ನುತ್ತಿರುವುದು ಎಲುಬು ಎಂದು ಹೇಳುವ ಅಗತ್ಯ ಎಂತ ಇತ್ತು? ಮದ್ದು ಕೊಡುವುದು ನಿಮ್ಮ ಕೆಲಸ. ಧರ್ಮಬೋಧೆ ಅಲ್ಲ.

ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆದಿಟ್ಟಿದ್ದೇನೆ. ಕಳುಹಿಸುವ ಮೊದಲು ನಿಮ್ಮ ವಿವರಣೆ ಕೇಳುವುದು ನ್ಯಾಯ ಎಂದು ಈ ಪತ್ರ.

ಅಜಿತಕುಮಾರ


ಮೆಲ್ಕಾರ್
೧೪ ಸೆಪ್ಟೆಂಬರ್ ೨೦೨೪

ಅಜಿತ,

ನೀನು 'ಅವರಿಗೆ', 'ನೀವು' ಎಂದೆಲ್ಲ ಬರೆದರೆ ನಾನೂ ಹಾಗೆ ಬರೆಯಬೇಕೆಂದಿಲ್ಲ. ನಾವಿಬ್ಬರೂ ಡಿಗ್ರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಳ್ಳುವಾಗ ಎಂತ ಕೋರ್ಟಿನದ್ದಾ ಎಂದು ಕೇಳಿದ. ಹೌದು ಮಾರಾಯ ಎಂದೆ.

ಮೊದಲು ಅಮ್ಮ ಹೇಗಿದ್ದಾರೆ ಎಂದು ಬರೆ. ನಿನ್ನ ಪತ್ರದಲ್ಲಿ ರಕ್ತದ ಬಾಟ್ಲಿಯ ಲೆಕ್ಕ ಉಂಟು, ಈಗ ಎದ್ದು ಕೂರ್ತಾರಾ, ಊಟ ಸೇರ್ತದಾ, ಒಂದು ಅಕ್ಷರ ಇಲ್ಲ. ಆ ಸಾಲನ್ನು ಹುಡುಕಿ ಹುಡುಕಿ ಮೂರು ಸಲ ಓದಿದೆ. ಇದನ್ನು ಬೇಕೆಂದೇ ಬಿಟ್ಟೆಯಾ?

ಈಗ ವಿವರಣೆ. ಜುಲೈಯಲ್ಲಿ ಅಮ್ಮ ನಿನ್ನ ಫೋನಿನಿಂದ ಅಂಗಡಿಗೆ ಫೋನ್ ಮಾಡಿದರು. ಬಸದಿಯಲ್ಲಿ ಯಾರೋ ಹೆಂಗಸು ಹೇಳಿದರಂತೆ, ಕ್ಯಾಪ್ಸೂಲಿನ ಸಿಪ್ಪೆ ಪ್ರಾಣಿಯ ಎಲುಬಿನಿಂದ ಮಾಡುವುದು ಎಂದು. "ಬದ್ರು, ನೀನು ನನ್ನಲ್ಲಿ ಸುಳ್ಳು ಹೇಳುವುದಿಲ್ಲ. ಹೌದಾ ಅಲ್ಲವಾ ಹೇಳು" ಎಂದರು. ನಾನು ಹೌದು ಎಂದೆ. ಇದರಲ್ಲಿ ನಿನ್ನ ಪಾಲಿನ ಮಾತನ್ನು ನೀನು ಪತ್ರದಲ್ಲಿ ನುಂಗಿದ್ದಿ, ಅದನ್ನೂ ನಾನೇ ಹೇಳ್ತೇನೆ. "ಅಜಿತ ಗಿಡದ್ದು ಎಂದು ಹೇಳಿದ್ದನಲ್ಲ" ಎಂದರು ಅಮ್ಮ. ಅವರ ಸ್ವರ ಹೇಗಿತ್ತು ಎಂದು ನಿನಗೆ ಗೊತ್ತಿಲ್ಲ.

ಅಂದರೆ ಹೋದ ವರ್ಷ ಡಾಕ್ಟರು ಈ ಕ್ಯಾಪ್ಸೂಲು ಬರೆದ ದಿವಸವೇ ಅಮ್ಮ ನಿನ್ನಲ್ಲಿ ಕೇಳಿದ್ದರು. ನೀನು ಗಿಡದ್ದು ಎಂದು ಹೇಳಿ ಕೈತೊಳೆದುಕೊಂಡೆ. ನಿನಗೆ ಗೊತ್ತಿತ್ತಾ? ಇರಲಿಲ್ಲ. ಅಮ್ಮನ ನಿಯಮ ನಿನಗೆ ಒಂದು ರಗಳೆ, ಅಷ್ಟೇ.

ನೀವು ಹಿಂದಿನ ಮನೆಯಲ್ಲಿದ್ದಾಗ ಅಮ್ಮನಿಗೆ ಕೆಮ್ಮು ಬಂದರೆ ನಾನು ಪ್ರತಿಸಲ ಸಿರಪ್ಪಿನ ಹಿಂದಿನ ಅಕ್ಷರ ಓದುತ್ತಿದ್ದೆ. "ಅಮ್ಮಾ ಇದರಲ್ಲಿ ಜೇನುಂಟು, ಬೇಡ" ಎಂದು ಬೇರೆ ಕೊಡುತ್ತಿದ್ದೆ. ಯಾಕೆಂದರೆ ನನಗೂ ನಂಬಿಕೆ ಎಂಬುದೊಂದು ಉಂಟು. ನನ್ನ ತಾಯಿ, ನಮ್ಮ ಉಮ್ಮ ಖತೀಜಮ್ಮ, ಇದೇ ಪ್ರಶ್ನೆ ನನ್ನಲ್ಲಿ ಕೇಳಿದ್ದಾರೆ. ನಾನು ಅವರನ್ನು ನಗೆ ಮಾಡಲಿಲ್ಲ. ಮಸೀದಿಯ ಉಸ್ತಾದರಲ್ಲಿ ಕೇಳಿದೆ. ಜೀವಕ್ಕೆ ಅಪಾಯ ಇದ್ದು ಬೇರೆ ದಾರಿ ಇಲ್ಲದಿದ್ದರೆ ತೆಗೆದುಕೊಳ್ಳಬಹುದು ಎಂದರು, ಉಮ್ಮ ತೆಗೆದುಕೊಂಡರು. ಇದನ್ನು ನಿನ್ನ ಅಮ್ಮನಿಗೂ ಹೇಳಿದೆ. "ಅದು ನಿಮ್ಮಲ್ಲಿ. ನನ್ನ ನಿಯಮ ನಾನೇ ತೆಗೆದುಕೊಂಡದ್ದು" ಎಂದರು. ಹಾಗಾದರೆ ಡಾಕ್ಟರಲ್ಲಿ ಹೇಳಿ ಬೇರೆ ಮದ್ದು ಬರೆಸಿ, ಅಜಿತನಲ್ಲಿ ಮಾತಾಡಿ ಎಂದೆ. ಬಿಡಿಸಿ ಕುಡಿಯಿರಿ ಎಂದು ನಾನು ಹೇಳಲಿಲ್ಲ.

ನಿನ್ನಲ್ಲಿ ಅವರು ಮಾತಾಡಲಿಲ್ಲ. ಮಾತಾಡಿದರೆ ನೀನು ಇನ್ನೊಂದು ಸುಳ್ಳು ಹೇಳುತ್ತಿ ಎಂದು ಅವರಿಗೆ ಗೊತ್ತಿತ್ತು. ಮದ್ದನ್ನೂ ಬಿಡಲಿಲ್ಲ, ನಿನಗೆ ಬೇಸರ ಆಗಬಾರದು ಎಂದು. ನಿಯಮವನ್ನೂ ಬಿಡಲಿಲ್ಲ. ನಡುವೆ ಹುಡುಕಿದ ದಾರಿ ಅದು, ಆ ಬಿಸಿನೀರು.

ದೂರು ಕೊಡು. ನಾನೂ ಬಂದು ಇದನ್ನೇ ಹೇಳ್ತೇನೆ.

ಬದ್ರುದ್ದೀನ್


ಮೂಡುಬಿದಿರೆ
೨೩ ಸೆಪ್ಟೆಂಬರ್ ೨೦೨೪

ಬದ್ರುದ್ದೀನ್,

ಸರಿ, ನೀನು ಎಂದೇ ಬರೆಯುವ. ಮರ್ಯಾದೆ ಕೊಟ್ಟರೆ ನಿನಗೆ ಸೇರುವುದಿಲ್ಲ.

ಅಮ್ಮ ಮನೆಗೆ ಬಂದಿದ್ದಾರೆ. ಗೋಡೆ ಹಿಡಿದು ನಡೆಯುತ್ತಾರೆ. ಊಟ ದಿನಕ್ಕೆ ಒಂದೇ ಹೊತ್ತು, ಅದು ಅನಾರೋಗ್ಯದಿಂದ ಅಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ದಿನಕ್ಕೆರಡು ಸಲ ಎಲುಬು ತಿಂದದ್ದಕ್ಕೆ ಪ್ರಾಯಶ್ಚಿತ್ತವಂತೆ. ಹೀಗೆ ರಕ್ತ ಹೋಗಿ ಬಂದವರು ಉಪವಾಸ ಕೂತಿದ್ದಾರೆ. ನಿನ್ನ ಸತ್ಯದ ಫಲ, ಬಂದು ನೋಡು.

ಹೌದು, ಗಿಡದ್ದು ಎಂದು ನಾನು ಹೇಳಿದೆ. ಅಲ್ಲಗಳೆಯುವುದಿಲ್ಲ. ಇನ್ನೂ ಹತ್ತು ಸಲ ಹೇಳುತ್ತೇನೆ. ಎದೆಯ ಬಡಿತ ತಪ್ಪುವ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಮನುಷ್ಯ ಮುಗಿದ. ಅದನ್ನು ತಡೆಯುವ ಮದ್ದು ಅದು. ಅದರ ಸಿಪ್ಪೆಯ ಜಾತಕ ಯಾರಿಗೆ ಬೇಕು? ಮಗ ತಾಯಿಯ ಜೀವ ಉಳಿಸಲು ಹೇಳಿದ ಮಾತನ್ನು ಸುಳ್ಳು ಎಂದು ಕರೆಯುವವನು ಒಂದು ಸಲ ಐಸಿಯುವಿನ ಹೊರಗಿನ ಬೆಂಚಿನಲ್ಲಿ ಕೂತು ಬರಬೇಕು.

ಈಗ ವಿಷಯ. ರಕ್ತಸ್ರಾವ ನಿಂತಿದೆ, ಇನ್ನು ಮದ್ದು ಪುನಃ ಶುರು ಮಾಡಲೇಬೇಕು ಎಂದು ಡಾಕ್ಟರು ಹೇಳಿ ಮೂರು ದಿನವಾಯಿತು. ಅದೇ ಕ್ಯಾಪ್ಸೂಲು, ಕಡಿಮೆ ಡೋಸಿನದ್ದು, ಇಡಿಯಾಗಿ ನುಂಗಬೇಕು. ಅಮ್ಮ ಮುಟ್ಟುತ್ತಿಲ್ಲ. ಮಾತ್ರೆಯ ರೂಪದ ಬೇರೆ ಮದ್ದು ಬರೆಸಿ ತಂದೆ. ಅದನ್ನೂ ತಟ್ಟೆಯಲ್ಲಿ ಅತ್ತ ಸರಿಸಿದರು. "ಇದರಲ್ಲಿ ಎಂತ ಉಂಟೋ" ಎಂದರು. ಏನೂ ಇಲ್ಲಮ್ಮ ಎಂದೆ. "ಆವತ್ತೂ ಹೀಗೇ ಹೇಳಿದ್ದಿ. ಬದ್ರು ಬಂದು ಹೇಳಲಿ" ಎಂದರು.

ಹೆತ್ತ ಮಗನ ಮಾತು ಬೇಡ, ಮೆಲ್ಕಾರಿನ ಬದ್ರುವಿನ ಮಾತು ಬೇಕು. ಇದನ್ನು ಬರೆಯಲು ನನಗೆ ಹೇಗಾಗುತ್ತಿದೆ ಎಂದು ನೀನು ಊಹಿಸಬಹುದು.

ಈ ಭಾನುವಾರ ಬಾ. "ಅಮ್ಮಾ, ನನಗೆ ತಪ್ಪು ತಿಳಿದಿತ್ತು, ಅದು ಗಿಡದ್ದೇ, ಅಜಿತ ಹೇಳಿದ್ದೇ ಸರಿ" ಎಂದು ಹೇಳಿ ಹೋಗು. ಎರಡು ನಿಮಿಷದ ಕೆಲಸ. ಅದನ್ನು ಹೇಳಲು ಮನಸ್ಸಿಲ್ಲದಿದ್ದರೆ ನನ್ನ ಮನೆಯ ಮೆಟ್ಟಿಲು ಹತ್ತಬೇಡ.

ಅಜಿತಕುಮಾರ


ಮೆಲ್ಕಾರ್
೨೮ ಸೆಪ್ಟೆಂಬರ್ ೨೦೨೪

ಅಜಿತ,

ನಾಳೆ ಭಾನುವಾರ. ನಾನು ಬರುವುದಿಲ್ಲ.

ಅಮ್ಮ ನನ್ನ ಮಾತು ಬೇಕು ಎನ್ನುವುದು ನಾನು ಸುಳ್ಳು ಹೇಳುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಆ ಒಂದು ಕಾರಣವನ್ನು ನಾನೇ ಬಂದು ಅವರ ಎದುರು ಮುರಿದು ಹಾಕಬೇಕು, ಅದೂ ನೀನು ಹೇಳಿಕೊಟ್ಟ ವಾಕ್ಯದಲ್ಲಿ. ಇಷ್ಟು ವರ್ಷ ಸ್ಟೇಜಿನ ಮೇಲೆ ನಿಂತು ಜ್ಯೋತಿಷಿಗಳಿಗೆ, ತಾಯಿತ ಕಟ್ಟುವವರಿಗೆ ಬೈದೆಯಲ್ಲ, ಜನರ ನಂಬಿಕೆಯನ್ನು ದುರುಪಯೋಗ ಮಾಡ್ತಾರೆ ಎಂದು. ಈಗ ನೀನು ನನ್ನಲ್ಲಿ ಮಾಡಿಸುವುದು ಎಂತ? ನಿನ್ನ ವಿಜ್ಞಾನಕ್ಕೆ ಸುಳ್ಳು ಬೇಕಾಗುವುದು ನಿನ್ನ ಅಮ್ಮನ ಎದುರು ಮಾತ್ರವಾ?

ನೀನು ಮಾಡಬೇಕಾದ್ದು ಬೇರೆ ಉಂಟು. ಅಮ್ಮನ ಹತ್ತಿರ ಕೂತು, "ನಾನು ಗೊತ್ತಿಲ್ಲದೆ ಹೇಳಿದೆ ಅಮ್ಮ, ತಪ್ಪಾಯಿತು. ಮದ್ದು ನಿಲ್ಲಿಸಿದರೆ ಹೀಗೆ ಹೀಗೆ ಆಗಬಹುದು. ಇನ್ನು ನೀವು ಹೇಳಿ" ಎನ್ನು. ಅವರು ದಡ್ಡರಲ್ಲ. ಬಸದಿಯ ಶಾಸ್ತ್ರದ ಪುಸ್ತಕಗಳನ್ನು ಅವರು ಓದಿದಷ್ಟು ನೀನು ನಿನ್ನ ಕೆಮಿಸ್ಟ್ರಿಯನ್ನು ಓದಿಲ್ಲ. ಅಪಾಯ ಗೊತ್ತಾದರೆ ಅವರೇ ತೀರ್ಮಾನ ಮಾಡ್ತಾರೆ. ಆದರೆ ತಪ್ಪಾಯಿತು ಎನ್ನಲು ನಿನಗೆ ಬಾಯಿ ಬರುವುದಿಲ್ಲ.

ಇನ್ನೊಂದು ವಿಷಯ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನನ್ನ ಮಗಳು ಶಬ್ನಾ ಬಂಟ್ವಾಳದ ಬ್ಯಾಂಕಿನಲ್ಲಿ ಕೆಲಸ ಮಾಡುವುದು ನಿನಗೆ ಗೊತ್ತುಂಟು. ಮೊನ್ನೆ ಅವಳ ಜೊತೆ ಕೆಲಸ ಮಾಡುವ ಹುಡುಗಿ ಫೋನ್ ತೋರಿಸಿ, ಇದು ನಿನ್ನ ಅಪ್ಪನ ಅಂಗಡಿಯಾ ಎಂದು ಕೇಳಿದಳಂತೆ. ಒಂದು ಮೆಸೇಜು. 'ಮೆಲ್ಕಾರಿನ ಬ್ಯಾರಿಯ ಮೆಡಿಕಲಿನವ ಜೈನ ವೃದ್ಧೆಗೆ ಬೇಕೆಂದೇ ಎಲುಬು ತಿನ್ನಿಸಿದ. ಎಲ್ಲರೂ ಎಚ್ಚರದಿಂದಿರಿ.' ಅದು ಹೊರಟದ್ದು ನಿಮ್ಮ ಕುಟುಂಬದ ಗ್ರೂಪಿನಿಂದ. ಶಬ್ನಾ ಮನೆಗೆ ಬಂದು ಚಹಾ ಕುಡಿಯದೆ ಕೋಣೆಗೆ ಹೋದಳು.

ಆ ಗ್ರೂಪಿನಲ್ಲಿ ನೀನೂ ಇದ್ದಿ. ಮೆಸೇಜು ಬಂದು ಹತ್ತು ದಿನ ಆಯಿತು. ಒಂದು ಸಾಲು, 'ಇದು ಸುಳ್ಳು' ಎಂಬ ಎರಡು ಶಬ್ದ, ಹಾಕಿದೆಯಾ? ಪೇಪರಿಗೆ ವಾರಕ್ಕೊಂದು ಪತ್ರ ಬರೆಯುವವನು ನೀನು. ನಿನ್ನ ಕೈಗೆ ಆಗ ಎಂತ ಆಗಿತ್ತು ಮಾರಾಯ?

ಕಂಪೆನಿಗೆ ಬರೆದು ಕೇಳಿದ್ದೇನೆ, ಸಿಪ್ಪೆ ಯಾವುದರದ್ದು, ಮಾತ್ರೆಯ ಮೇಲಿನ ಬಣ್ಣ ಯಾವುದರದ್ದು ಎಂದು. ಉತ್ತರ ಬಂದ ದಿನ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ. ಅಲ್ಲಿವರೆಗೆ ನೀನು ನಿನ್ನ ಕೆಲಸ ಮಾಡು.

ಬದ್ರುದ್ದೀನ್


ಮೂಡುಬಿದಿರೆ
೩ ಅಕ್ಟೋಬರ್ ೨೦೨೪

ಬದ್ರುದ್ದೀನ್,

ಕಂಪೆನಿಯ ಉತ್ತರ ಬರುವಾಗ ಅಮ್ಮ ಇರಬೇಕಲ್ಲ. ಮದ್ದು ಪುನಃ ಶುರು ಮಾಡಿ ಎಂದು ಡಾಕ್ಟರು ಹೇಳಿ ಇವತ್ತಿಗೆ ಹದಿಮೂರು ದಿನ. ಬೆಳಿಗ್ಗೆ ಕಾಫಿ ಕೊಡುವ ನೆಪದಲ್ಲಿ ಹೋಗಿ ಅವರ ಬಾಯಿ ಸೊಟ್ಟ ಆಗಿದೆಯಾ, ಕೈ ಎತ್ತುತ್ತಾರಾ ಎಂದು ನೋಡಿ ಬರುತ್ತೇನೆ. ನೀನು ಅಲ್ಲಿ ಕೌಂಟರಿನ ಹಿಂದೆ ಕೂತು ಸತ್ಯಸಂಧನ ಪಾಠ ಬರೆಯುತ್ತಿ.

ತಪ್ಪಾಯಿತು ಎಂದೂ ಹೇಳಿ ನೋಡಿದೆ. ಹೌದು, ನೀನು ಹೇಳಿದ್ದಕ್ಕೆ. ಅಮ್ಮ ನನ್ನ ತಲೆ ಸವರಿದರು. "ನಿನಗೆ ಸಿಟ್ಟು ಮಾಡುವುದಿಲ್ಲ ಮಗಾ. ಆದರೆ ನೀನು ನನ್ನ ದೇವರನ್ನು ನಂಬದಿದ್ದರೂ ಅಡ್ಡಿ ಇಲ್ಲ, ನನ್ನನ್ನು ನಂಬಬೇಕಿತ್ತು" ಎಂದರು. ಮದ್ದು ಮಾತ್ರ ಮುಟ್ಟಲಿಲ್ಲ. ನನಗೆ ಅಲ್ಲಿ ಕೂರಲಿಕ್ಕಾಗಲಿಲ್ಲ, ಎದ್ದು ಬಂದೆ.

ಗ್ರೂಪಿನ ವಿಷಯ ಬೇರೆ, ಇದು ಬೇರೆ. ಅಮ್ಮ ವಾರ್ಡಿನಲ್ಲಿರುವಾಗ ಆ ಗ್ರೂಪಿನಲ್ಲಿ ಯಾರು ಎಂತ ಬರೆದರು ಎಂದು ನೋಡುತ್ತಾ ಕೂರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಮೇಲೆ ನೋಡಿದೆ. ಬರೆದರೆ ಜಗಳ, ಬಿಟ್ಟರೆ ತಣ್ಣಗಾಗುತ್ತದೆ ಎಂದು ಬಿಟ್ಟೆ. ಬರೆದವನು ನನ್ನ ಅಕ್ಕನ ಮಗ ರಿಷಭ್. ಆಸ್ಪತ್ರೆಗೆ ದಿನಾ ಊಟ ತಂದವನೂ ಅವನೇ. ಅವನಲ್ಲಿ ಆಗ ನಾನು ತರ್ಕ ಮಾಡಬೇಕಿತ್ತಾ?

ಕೊನೆಗೊಂದು ಕೇಳುತ್ತೇನೆ. ಅದು ಎಲುಬಿನದ್ದು ಎಂದು ನಿನಗೆ ಯಾರು ಹೇಳಿದರು? ಈ ಕಂಪೆನಿಯ, ಈ ಕ್ಯಾಪ್ಸೂಲನ್ನು ನೀನು ಪರೀಕ್ಷೆ ಮಾಡಿದ್ದೀಯಾ? ಇಲ್ಲ. ಡಿಗ್ರಿಯ ಮೇಲೆ ಯಾವತ್ತೋ ಫಾರ್ಮಸಿ ಡಿಪ್ಲೊಮಾದಲ್ಲಿ ಓದಿದ್ದು. ನಾನು ಗೊತ್ತಿಲ್ಲದೆ ಗಿಡದ್ದು ಎಂದರೆ ಸುಳ್ಳುಗಾರ, ನೀನು ಗೊತ್ತಿಲ್ಲದೆ ಎಲುಬಿನದ್ದು ಎಂದರೆ ಸತ್ಯವಂತ. ಭಾರಿ ನ್ಯಾಯ ನಿನ್ನದು.

ಅಜಿತಕುಮಾರ


ಮೆಲ್ಕಾರ್
೧೦ ಅಕ್ಟೋಬರ್ ೨೦೨೪

ಅಜಿತ,

ನಿನ್ನ ಪತ್ರ ಸೋಮವಾರ ಸಿಕ್ಕಿತು. ಸಿಟ್ಟಿನಲ್ಲಿ ಹರಿಯಲು ಹೊರಟವನು ಕೊನೆಯ ನಾಲ್ಕು ಸಾಲಿನಲ್ಲಿ ನಿಂತೆ.

ನೀನು ನನ್ನ ಬಾಯಿ ಮುಚ್ಚಿಸಲು ಬರೆದದ್ದು, ಗೊತ್ತುಂಟು. ಆದರೂ ಸ್ಟ್ರಿಪ್ಪನ್ನು ತೆಗೆದು ಹಿಂದೆ ಮುಂದೆ ಓದಿದೆ. ಸಿಪ್ಪೆಯ ವಿಷಯ ಒಂದಕ್ಷರ ಇಲ್ಲ. ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಎರಡು ಕ್ಯಾಪ್ಸೂಲು ಬಿಡಿಸಿದೆ, ಒಂದು ಜ್ವರಕ್ಕೆ ಕೊಡುವ ಆ್ಯಂಟಿಬಯಾಟಿಕ್, ಇನ್ನೊಂದು ಅಮ್ಮನದ್ದು. ಸಿಪ್ಪೆಗಳಿಗೆ ಬೆಂಕಿ ಕೊಟ್ಟೆ. ಮೊದಲನೆಯದು ಕೂದಲು ಸುಟ್ಟ ವಾಸನೆ ಬಂತು, ಪ್ರಾಣಿಯದ್ದು ಹಾಗೇ ಬರುವುದು. ಅಮ್ಮನದ್ದು ಕಾಗದ ಸುಟ್ಟ ಹಾಗೆ ಉರಿದು ಹೋಯಿತು. ಇನ್ನೊಂದು ಸುಟ್ಟೆ. ಮತ್ತೊಂದು ಸುಟ್ಟೆ. ಎಲ್ಲ ಕಾಗದದ ವಾಸನೆ. ಮರುದಿನ ಕಂಪೆನಿಯವನನ್ನು ಬಿಡದೆ ಫೋನಿನಲ್ಲಿ ಹಿಡಿದೆ. ಹೌದು, ಈ ಮದ್ದಿಗೆ ಮರದ ನಾರಿನಿಂದ ಮಾಡಿದ ಸಿಪ್ಪೆಯನ್ನೇ ಹಾಕುವುದು ಎಂದು ಹೇಳಿ ಈಮೇಲೂ ಕಳುಹಿಸಿದ. ಅದರ ಪ್ರತಿ ಇದರ ಜೊತೆ ಉಂಟು.

ಗಿಡದ್ದು, ಅಜಿತ. ನೀನು ತಿಳಿಯದೆ ಹೇಳಿದ ಸುಳ್ಳು ನಿಜ. ನಾನು ಎದೆ ತಟ್ಟಿಕೊಂಡು ಹೇಳಿದ ನಿಜ ಸುಳ್ಳು.

ಜುಲೈಯಲ್ಲಿ ಅಮ್ಮನ ಫೋನ್ ಬಂದಾಗ ಅಂಗಡಿಯಲ್ಲಿ ಆರೇಳು ಜನ ನಿಂತಿದ್ದರು. ಯಾವ ಕ್ಯಾಪ್ಸೂಲು ಎಂದು ಕೇಳಲೂ ಇಲ್ಲ. ಕ್ಯಾಪ್ಸೂಲೆಂದರೆ ಪ್ರಾಣಿಯದ್ದೇ ಎಂಬುದು ನನ್ನ ಮಂಡೆಯಲ್ಲಿ ಕೂತಿತ್ತು. ಜೇನುಂಟಾ ಎಂದು ಪ್ರತಿ ಸಿರಪ್ಪು ಓದಿದವನು ಇದೊಂದನ್ನು ಓದಲಿಲ್ಲ. ಬಿಡಿಸಬಾರದು ಎಂದು ಕವರಿನ ಮೇಲೆ ಬರೆದು ಕಳುಹಿಸಬೇಕಿತ್ತು, ಅದನ್ನೂ ಮಾಡಲಿಲ್ಲ. ನನ್ನ ತಪ್ಪು ಇದಿಷ್ಟು. ಇಲಾಖೆಗೆ ಬೇಕಾದರೆ ಈ ಪತ್ರವನ್ನೇ ಕಳುಹಿಸು.

ನಿನ್ನ ತಪ್ಪೂ ಹೇಳ್ತೇನೆ, ಬಿಡುವುದಿಲ್ಲ. ಕೆಮಿಸ್ಟ್ರಿ ಲೆಕ್ಚರರು ನೀನು. ಶಾಲೆ ಶಾಲೆಗೆ ಹೋಗಿ ಮಕ್ಕಳ ಎದುರು ಕೈಯಲ್ಲಿ ಕರ್ಪೂರ ಉರಿಸಿ, ಪವಾಡ ಇಲ್ಲ, ಪರೀಕ್ಷೆ ಮಾಡಿ ನೋಡಿ ಎನ್ನುತ್ತಿ. ಅಮ್ಮ ಕೇಳಿದ ದಿನ ಒಂದು ಕಡ್ಡಿ ಗೀರಿದ್ದರೆ ಸಾಕಿತ್ತು. ಅವರ ಎದುರೇ ಗೀರಿದ್ದರೆ ಅವರ ಮೂಗೇ ಅವರಿಗೆ ಹೇಳುತ್ತಿತ್ತು. ಅವರ ಪ್ರಶ್ನೆ ನಿನಗೆ ಪ್ರಶ್ನೆ ಎಂದೇ ಕಾಣಲಿಲ್ಲ.

ನಿನ್ನೆ ಮಧ್ಯಾಹ್ನ ಅಂಗಡಿ ಮುಚ್ಚಿ ಈಮೇಲಿನ ಪ್ರತಿ, ಎರಡು ಸ್ಟ್ರಿಪ್ಪು, ಬೆಂಕಿಪೆಟ್ಟಿಗೆ ಹಿಡಿದುಕೊಂಡು ಮೂಡುಬಿದಿರೆಗೆ ಬಂದೆ. ನಿನ್ನ ಗೇಟಿನಲ್ಲಿ ರಿಷಭ್ ನಿಂತಿದ್ದ. "ಇನ್ನೆಂತ ತಿನ್ನಿಸಲಿಕ್ಕೆ ಬಂದದ್ದು?" ಎಂದು ಕೇಳಿದ. ಅಜಿತನನ್ನು ಕರಿ ಎಂದೆ. ಮಾವ ಇಲ್ಲ ಎಂದು ಗೇಟು ಹಾಕಿದ. ನಿನ್ನ ಕಾರು ಅಂಗಳದಲ್ಲೇ ಇತ್ತು. ಒಳಗೆ ಕೂತು ನೀನು ಕೇಳುತ್ತಿದ್ದಿ ಎಂದು ನನಗೆ ಗೊತ್ತು. ನನ್ನನ್ನು ಹೊರಗೆ ನಿಲ್ಲಿಸಲು ನೀನೇ ಬರಬೇಕಿತ್ತು, ಹುಡುಗನನ್ನು ಬಿಡಬಾರದಿತ್ತು. ದಾರಿಯಲ್ಲಿ ನಾಲ್ಕು ಜನ ನೋಡುತ್ತಿದ್ದರು. ತಿರುಗಿ ಬಸ್ಸು ಹತ್ತಿದೆ.

ಅಮ್ಮನಲ್ಲಿ ಬೇರೆ ಫೋನಿಲ್ಲ, ನಿನ್ನ ಫೋನಿನಲ್ಲಿ ನಾನು ಬ್ಲಾಕ್. ಈ ಪತ್ರವನ್ನು ಅಮ್ಮನಿಗೆ ಓದಿ ಹೇಳು, ಪೂರ್ತಿ. ಬದ್ರು ತಪ್ಪು ಹೇಳಿದ್ದ ಎಂದು ಹೇಳು. ನೀವು ಎಲುಬು ತಿಂದಿಲ್ಲ, ನಿಮ್ಮ ನಿಯಮ ಒಂದು ದಿನವೂ ಮುರಿದಿಲ್ಲ, ಉಪವಾಸ ಬೇಡ ಎಂದು ಹೇಳು. ಮದ್ದು ಇಡಿಯಾಗಿ ನುಂಗಲಿ. ಬೇಗ ಹೇಳು.

ಬದ್ರುದ್ದೀನ್


ಮಂಗಳೂರು, ಆಸ್ಪತ್ರೆಯಿಂದ
೨೮ ಅಕ್ಟೋಬರ್ ೨೦೨೪

ಬದ್ರುದ್ದೀನ್,

ನಿನ್ನ ಪತ್ರ ೧೫ನೇ ತಾರೀಕು ಮಂಗಳವಾರ ಬಂತು. ನಡುವೆ ದಸರೆಯ ರಜೆ, ಭಾನುವಾರ. ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ಅಮ್ಮ ಹೂ ಕೊಯ್ಯಲು ಅಂಗಳಕ್ಕಿಳಿದವರು ಅಲ್ಲೇ ಕೂತುಬಿಟ್ಟರು. ಬಾಯಿ ಎಡಕ್ಕೆ ಹೋಗಿತ್ತು. ಬಲಗೈ, ಬಲಗಾಲು ಹೋಯಿತು. ಮಾತು ಹೋಯಿತು. ಹದಿನೈದು ದಿನವಾಯಿತು, ಇದಕ್ಕಿಂತ ಹೆಚ್ಚು ಸುಧಾರಣೆ ನಿರೀಕ್ಷಿಸಬೇಡಿ ಎಂದಿದ್ದಾರೆ.

ಒಂಬತ್ತನೇ ತಾರೀಕು ನಾನು ಮನೆಯಲ್ಲಿರಲಿಲ್ಲ. ಕಾರು ಬಿಟ್ಟು ಬಸ್ಸಿನಲ್ಲಿ ಬೆಳ್ತಂಗಡಿಗೆ ಹೋಗಿದ್ದೆ. ಅಲ್ಲಿಯ ಒಂದು ಶಾಲೆಯ ರಜಾ ಶಿಬಿರದಲ್ಲಿ ಕಾರ್ಯಕ್ರಮ ಇತ್ತು. ಎಂತ ಕಾರ್ಯಕ್ರಮ ಎಂದು ನೀನು ಕೇಳಬೇಡ, ಕರ್ಪೂರದ್ದೇ. ನೀನು ಗೇಟಿನಲ್ಲಿ ನಿಂತ ಹೊತ್ತಿಗೆ ನಾನು ಅರುವತ್ತು ಮಕ್ಕಳಿಗೆ ಯಾರ ಮಾತನ್ನೂ ಪರೀಕ್ಷೆ ಮಾಡದೆ ನಂಬಬಾರದು ಎಂದು ಹೇಳುತ್ತಿದ್ದೆ. ನೀನು ಬಂದದ್ದನ್ನು ರಿಷಭ್ ನನಗೆ ಹೇಳಲೇ ಇಲ್ಲ. ನಿನ್ನ ಪತ್ರ ಓದಿದ ಮೇಲೆ ಕೇಳಿದೆ. "ಗ್ರೂಪಿನಲ್ಲಿ ಹಾಕಿದಾಗ ನೀವು ಏನೂ ಹೇಳಲಿಲ್ಲ ಮಾವ. ನಿಮಗೂ ಹಾಗೇ ಅನಿಸಿತ್ತು ಎಂದುಕೊಂಡೆ" ಎಂದ. ಅವನ ಕೆನ್ನೆಗೆ ಹೊಡೆಯಲು ಎತ್ತಿದ ಕೈ ಇಳಿಸಿದೆ. ಗೇಟು ಹಾಕಿದ್ದು ಅವನಲ್ಲ, ನಾನು. ಅದೇ ದಿನ ಗ್ರೂಪಿನಲ್ಲಿ ಬರೆದೆ, ಇದ್ದದ್ದು ಇದ್ದ ಹಾಗೆ, ನನ್ನ ಹೆಸರು ಹಾಕಿ. ಹನ್ನೆರಡು ಜನ ಗ್ರೂಪು ಬಿಟ್ಟರು. ಅದರ ಪ್ರಿಂಟೂ ಇದರ ಜೊತೆ ಉಂಟು, ಶಬ್ನಾಳಿಗೆ ತೋರಿಸು. ತೋರಿಸಿದರೆ ಎಲ್ಲ ಸರಿಯಾಗುತ್ತದೆ ಎಂದು ನಾನು ತಿಳಿದಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟು ಹೋಗಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ರಿಷಭ್ ಗೇಟು ಹಾಕಿದರೆ ನೀನು ಹೊರಗಿನಿಂದ ಕೂಗಬಹುದಿತ್ತು. "ಅಮ್ಮಾ, ಗಿಡದ್ದು" ಎಂದು ಒಂದು ಸಲ. ನಿನ್ನ ಸ್ವರ ಅಮ್ಮನಿಗೆ ಎಲ್ಲಿದ್ದರೂ ಗೊತ್ತಾಗುತ್ತಿತ್ತು, ಅವರು ಆಗ ಹಿತ್ತಲ ಜಗಲಿಯಲ್ಲೇ ಕೂತಿದ್ದರಂತೆ. ನಾಲ್ಕು ಜನ ನೋಡುತ್ತಿದ್ದಾರೆ ಎಂದು ನೀನು ಬಸ್ಸು ಹತ್ತಿದೆ. ನಾನು ಹತ್ತು ಜನರಲ್ಲಿ ಜಗಳ ಬೇಡ ಎಂದು ಸುಮ್ಮನಿದ್ದೆ. ನಮ್ಮಿಬ್ಬರ ಮರ್ಯಾದೆ ಉಳಿಯಿತು.

ನಿನ್ನ ಪತ್ರವನ್ನು ಅಮ್ಮನಿಗೆ ಓದಿದೆ, ಪೂರ್ತಿ. ಬೆಂಕಿಯ ಕಥೆ, ಕಾಗದದ ವಾಸನೆ, ಎಲ್ಲ. ನಿಮ್ಮ ನಿಯಮ ಮುರಿದಿಲ್ಲ ಎಂಬಲ್ಲಿಗೆ ಬಂದಾಗ ನಿಲ್ಲಿಸಿ ನಿಲ್ಲಿಸಿ ಮೂರು ಸಲ ಓದಿದೆ. ಅವರ ಕಣ್ಣು ನನ್ನನ್ನೇ ನೋಡುತ್ತಿತ್ತು. ಗೊತ್ತಾಯಿತಾ ಇಲ್ಲವಾ ಹೇಳಲಾರೆ. ಗೊತ್ತಾಯಿತು ಎಂದು ಬರೆದರೆ ನಿನಗೂ ನನಗೂ ನಿದ್ದೆ ಬರಬಹುದು, ಆದರೆ ನನಗೆ ಗೊತ್ತಿಲ್ಲ.

ಈಗ ಮೂಗಿನ ನಳಿಗೆಯಲ್ಲಿ ಆಹಾರ ಕೊಡುತ್ತಾರೆ. ಡಬ್ಬದ ಹುಡಿಯನ್ನು ನೀರಿನಲ್ಲಿ ಕಲಸಿ ಸಿರಿಂಜಿನಲ್ಲಿ ಬಿಡುವುದು. ಏನು ಕೊಡುತ್ತಿದ್ದಾರೆ ಎಂದು ಅಮ್ಮನಲ್ಲಿ ಯಾರೂ ಕೇಳುವುದಿಲ್ಲ, ಕೇಳಿದರೂ ಅವರು ಹೇಳಲಾರರು. ಮೊನ್ನೆ ನರ್ಸಿನಲ್ಲಿ ಡಬ್ಬ ಕೊಡಿ ನೋಡುವ ಎಂದೆ. ಇದು ಎಲ್ಲ ಪೇಷೆಂಟುಗಳಿಗೂ ಕೊಡುವುದೇ ಸರ್ ಎಂದಳು. ಎಲ್ಲರಿಗೂ ಕೊಡಿ, ನನ್ನ ಅಮ್ಮನಿಗೆ ಕೊಡುವ ಮೊದಲು ನಾನು ಓದಬೇಕು ಎಂದೆ. ಸ್ವರ ಏರಿತು. ಡಾಕ್ಟರು ಬಂದರು. ನೀವು ವಿಜ್ಞಾನ ಓದಿದವರಲ್ಲವಾ, ಹೀಗೆ ರಗಳೆ ಮಾಡುವುದಾ ಎಂದು ಕೇಳಿದರು. ಓದಿದವನು, ಅದಕ್ಕೇ ಕೇಳುವುದು ಎಂದೆ. ಆಮೇಲೆ ಡಬ್ಬ ಕೊಟ್ಟರು.

ನನಗೆ ದೇವರ ಮೇಲೆ ಈಗಲೂ ನಂಬಿಕೆ ಬಂದಿಲ್ಲ. ಬರುವುದೂ ಇಲ್ಲ. ಇದು ಭಕ್ತಿ ಎಂದು ನೀನು ಸಂತೋಷಪಡಬೇಡ. ನಿಯಮ ಅಮ್ಮನದ್ದು, ಅವರ ಬಾಯಿ ನಡೆಯುವುದಿಲ್ಲ, ಕೇಳಲು ಉಳಿದವನು ನಾನೊಬ್ಬ.

ಡಬ್ಬದ ಹಿಂದಿನ ಬರಹದ ಫೋಟೋ ಪ್ರಿಂಟ್ ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. ಕೆಳಗಿನಿಂದ ಮೂರನೇ ಸಾಲಿನಲ್ಲಿ ಒಂದು ಎಣ್ಣೆಯ ಹೆಸರು ಉಂಟು, ಅದು ಮೀನಿನದ್ದಾ ಎಂದು ಸಂಶಯ. ವಿಟಮಿನ್ನಿನ ಪಟ್ಟಿಯಲ್ಲಿ ಇನ್ನೆರಡು ಹೆಸರಿಗೆ ಗೀಟು ಹಾಕಿದ್ದೇನೆ. ಕಂಪೆನಿಯಲ್ಲಿ ಕೇಳು, ಸುಟ್ಟು ನೋಡುವಂಥದ್ದಾದರೆ ಸುಟ್ಟು ನೋಡು. ನಿನ್ನ ನಂಬರನ್ನು ಅನ್‌ಬ್ಲಾಕ್ ಮಾಡಿದ್ದೇನೆ, ಆದರೆ ಇದಕ್ಕೆ ಉತ್ತರ ಬರಹದಲ್ಲೇ ಬೇಕು, ಅಮ್ಮನ ಎದುರು ಓದಲಿಕ್ಕೆ. ಇದೇ ವಾರ ಬರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆ.

ಅಜಿತ